ಹಿಂದಿನ ಸೀಟು ಯಾರ ಪಾಲು

ನಮ್ಮ ಮನೆಯಲ್ಲಿ ಕಾರಿಗೂ ಸರದಿ ಇತ್ತು, ಬೋರ್‌ವೆಲ್ ನೀರಿಗೆ ಇರುವ ಹಾಗೆ. ಸೋಮವಾರದಿಂದ ಸೋಮವಾರಕ್ಕೆ ಒಂದು ಸರದಿ. ಮೊದಲು ದೊಡ್ಡಪ್ಪನದು, ಆಮೇಲೆ ನಮ್ಮ ಅಪ್ಪನದು, ಕೊನೆಗೆ ಚಿಕ್ಕಪ್ಪನದು. ಮೂರು ವಾರ ಸುತ್ತಿ ಮತ್ತೆ ದೊಡ್ಡಪ್ಪನ ಬಾಗಿಲಿಗೆ. ಇದನ್ನು ಈಗ ಮೈಸೂರಿನಲ್ಲಿ ಯಾರಿಗಾದರೂ ಹೇಳಿದರೆ ನಗುತ್ತಾರೆ. ನನಗೆ ನಗು ಬರುವುದಿಲ್ಲ, ರೇಗುತ್ತದೆ. ಹೋದ ತಿಂಗಳು ಹೊಸ ಕಾರು ನೋಡಲು ಹೋಗಿದ್ದೆ. ಅಂಗಡಿಯ ಹುಡುಗಿ ಮುಂದಿನ ಪರದೆ, ಹಾಡು, ಬಣ್ಣ ಎಲ್ಲ ವಿವರಿಸುತ್ತಿದ್ದರೆ ನಾನು ಹಿಂದಿನ ಬಾಗಿಲು ತೆಗೆದು, ಸೀಟಿನ ಸಂದಿಗೆ ಕೈ ತೂರಿಸಿ ಬೆಲ್ಟಿನ ಬುಡ ಜಗ್ಗಿ ನೋಡುತ್ತಿದ್ದೆ. ಏನಾದರೂ ಬಿದ್ದುಹೋಯಿತೇ ಎಂದು ಅವಳು ಕೇಳಿದಳು. ಏನು ಹೇಳುವುದು? ಮೂರು ಗಂಡಸರು ಸೇರಿ ಒಂದು ಕಾರನ್ನು ಎಷ್ಟು ಕೆಡಿಸಬಹುದು ಎಂಬುದನ್ನು ಎಂಟೊಂಬತ್ತನೇ ವಯಸ್ಸಿನಲ್ಲೇ ನೋಡಿಬಿಟ್ಟವಳು ನಾನು ಎಂದು ಹೇಳಲೇ?

ಪಾಂಡವಪುರದಿಂದ ಕೆ.ಆರ್. ಪೇಟೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಮನೆ ಒಂದೇ, ಒಳಗೆ ಎರಡು ಗೋಡೆ ಎದ್ದು ಮೂರು ಮನೆಯಾಗಿತ್ತು. ಒಲೆ ಮೂರು, ನೀರಿನ ಹಂಡೆ ಮೂರು, ದೇವರ ಗೂಡು ಸಹ ಮೂರು. ಜಮೀನೂ ಹಂಚಿಹೋಗಿತ್ತು. ಹಂಚಲಾಗದೆ ಉಳಿದದ್ದು ಬೋರ್‌ವೆಲ್ಲು ಮತ್ತು ಮುಂದಿನ ಉದ್ದನೆಯ ಜಗುಲಿ. ಜಗುಲಿ ಯಾರ ಪಾಲಿಗೂ ಸೇರದ್ದರಿಂದ ಯಾರೂ ಅದನ್ನು ಗುಡಿಸುತ್ತಿರಲಿಲ್ಲ. ಅವ್ವ ಬೈದುಕೊಂಡು ಗುಡಿಸುತ್ತಿದ್ದಳು. ಸೋಮವಾರ ನಮ್ಮ ಕಡೆ ಎತ್ತಿಗೆ ನೊಗ ಹೂಡುವುದಿಲ್ಲ. ಹಾಗಾಗಿ ಸರದಿ ಬದಲಾಗುವುದಕ್ಕೂ, ಅಣ್ಣತಮ್ಮಂದಿರು ಜಗುಲಿಯ ಮೇಲೆ ಕೂತು ಜಗಳವಾಡುವುದಕ್ಕೂ ಅದು ಅನುಕೂಲದ ದಿನ. ನಾನು ದಿನಚರಿ ಬರೆಯಲು ತೊಡಗಿದ್ದು ಹೈಸ್ಕೂಲಿಗೆ ಸೇರಿದ ಮೇಲೆ. ಈ ಕಾರಿನ ಕತೆ ಅದಕ್ಕಿಂತ ಹಿಂದಿನದು. ಬರೆದಿಟ್ಟ ಆಧಾರವಿಲ್ಲ. ಕೇಳಿದ್ದು, ಕಂಡದ್ದು, ಆಮೇಲೆ ನಾನೇ ಸೇರಿಸಿಕೊಂಡದ್ದು ಯಾವುದು ಎಂದು ಬೇರ್ಪಡಿಸಲು ಕೂತರೆ ಅರ್ಧ ಕೈಯಲ್ಲಿ ಉಳಿಯುತ್ತದೆ. ಆ ಅರ್ಧವನ್ನೇ ಬರೆಯುತ್ತೇನೆ.

ಕಾರು ಕೊಂಡ ದಿನ ಮಾತ್ರ ಚೆನ್ನಾಗಿ ನೆನಪಿದೆ, ಏಕೆಂದರೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಮೈಸೂರಿನಲ್ಲಿ ಹಳೇ ಕಾರು ಮಾರುವ ಒಂದು ಬಯಲು. ಮೂವರೂ ಮೂರು ರೀತಿ ಪರೀಕ್ಷೆ ಮಾಡಿದರು. ದೊಡ್ಡಪ್ಪನಿಗೆ ಬೇಕಾದದ್ದು ಗಟ್ಟಿತನ. ಸಂತೆಯಲ್ಲಿ ಎಮ್ಮೆಯ ಬೆನ್ನು ತಟ್ಟುವ ಹಾಗೆ ಪ್ರತಿ ಕಾರಿನ ಬಾಗಿಲನ್ನೂ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಿದ್ದ. ನಮ್ಮ ಅಪ್ಪ ಯಾವ ಕಾರಿನ ಮುಂದೆ ನಿಂತರೂ ಒಂದೇ ಪ್ರಶ್ನೆ: ಲೀಟರಿಗೆ ಎಷ್ಟು ಓಡುತ್ತೆ? ಚಿಕ್ಕಪ್ಪ ಏನನ್ನೂ ಕೇಳದೆ ಒಳಗೆ ಕೂತು, ಕಾಲಿನಿಂದ ಆಕ್ಸಿಲರೇಟರ್ ಒತ್ತಿ ಕಣ್ಣು ಮುಚ್ಚಿಕೊಂಡು ಎಂಜಿನ್ನಿನ ಸದ್ದು ಅನುಭವಿಸುತ್ತಿದ್ದ. ಕೊನೆಗೆ ಒಂದು ಬಿಳಿ ಕಾರು ಒಪ್ಪಿಗೆಯಾಯಿತು. ಒಪ್ಪಿಗೆ ಅನ್ನುವುದಕ್ಕಿಂತ, ಮೂವರಿಗೂ ಅದರಲ್ಲಿ ಸಮನಾದ ಅಸಮಾಧಾನ ಇತ್ತು ಅನ್ನಬೇಕು.

"ತಗಡು ಕಣ್ಲಾ ಇದು. ಬೆಳ್ಳಲ್ಲಿ ಒತ್ತುದ್ರೆ ಒಳೀಕ್ ಓಯ್ತದೆ," ಅಂದ ದೊಡ್ಡಪ್ಪ.

"ತಗಡಾದ್ರೆ ಹಗುರ ಅಲ್ವಾ ಅಣ್ಣಾ? ಹಗುರ ಆದ್ರೆ ಪೆಟ್ರೋಲು ಕಮ್ಮಿ," ಅಂದ ಅಪ್ಪ.

"ಇಬ್ರೂ ಸುಮ್ಕಿರಿ. ಟೈರು ನೋಡಿ, ಸೈಕಲ್ ಟೈರ್ ಇದ್ದಂಗವೆ. ನಾನು ಬದಲಾಯಿಸ್ಕೋತೀನಿ," ಅಂದ ಚಿಕ್ಕಪ್ಪ.

ಹಾಳಾದದ್ದು ಅಲ್ಲಿಂದಲೇ. ಚಿಕ್ಕಪ್ಪನ ಆ ಮಾತಿನಿಂದ ಒಂದು ಕಾನೂನು ಹುಟ್ಟಿತು: ಅವರವರ ಸರದಿಯಲ್ಲಿ ಅವರವರಿಗೆ ಬೇಕಾದ್ದನ್ನು ಹಾಕಿಸಿಕೊಳ್ಳಬಹುದು, ಸರದಿ ಮುಗಿದ ಮೇಲೆ ಮುಂದಿನವನು ಬೇಡವೆಂದರೆ ಬಿಚ್ಚಿಕೊಳ್ಳಬೇಕು. ಮೊದಲ ಸುತ್ತಿನಲ್ಲೇ ದೊಡ್ಡಪ್ಪ ಕೆ.ಆರ್. ಪೇಟೆಗೆ ಹೋಗಿ, ಟ್ರಾಕ್ಟರು ಟ್ರೈಲರು ಮಾಡುವವರ ಹತ್ತಿರ ಮುಂದುಗಡೆಗೆ ಒಂದು ಕಬ್ಬಿಣದ ಗಾರ್ಡು ಮಾಡಿಸಿಕೊಂಡು ಬಂದ. ಅದನ್ನು ಎತ್ತಲು ಇಬ್ಬರು ಬೇಕಿತ್ತು. ಕಾರಿನ ಮೂತಿ ನೆಲಕ್ಕೆ ಬಾಗಿ, ಏನೋ ಕಳೆದುಕೊಂಡು ಹುಡುಕುತ್ತಿರುವಂತೆ ಕಾಣುತ್ತಿತ್ತು. ನಮ್ಮ ಅಪ್ಪ ಡಿಕ್ಕಿಯಲ್ಲಿ ಅಡುಗೆ ಗ್ಯಾಸಿನ ಸಿಲಿಂಡರ್ ಇಟ್ಟು, ಅದರಿಂದ ಎಂಜಿನ್ನಿಗೆ ಪೈಪು ಎಳೆಸಿದ. ಆಗ ಅಂಥದ್ದು ಕದ್ದುಮುಚ್ಚಿ ನಡೆಯುತ್ತಿತ್ತು. ಚಿಕ್ಕಪ್ಪ ಅಗಲದ ಟೈರು ಹಾಕಿಸಿದ; ಹಿಂದೆ ಮೂವರು ಕೂತರೆ ಅವು ಒಳಗಿನ ತಗಡಿಗೆ ಉಜ್ಜಿ, ಸುಟ್ಟ ರಬ್ಬರಿನ ವಾಸನೆ ಬರುತ್ತಿತ್ತು. ಚಿಕ್ಕಪ್ಪನ ವಾರ ಬಂದರೆ ಗಾರ್ಡು ಓಟ ತಗ್ಗಿಸುತ್ತದೆಂದು ಬಿಚ್ಚುವುದು. ದೊಡ್ಡಪ್ಪನ ವಾರ ಬಂದರೆ ಗಾರ್ಡು ಕಟ್ಟುವುದು, ಹಾಲಿನ ಕ್ಯಾನಿಗೆ ಜಾಗ ಬೇಕೆಂದು ಸಿಲಿಂಡರ್ ಇಳಿಸುವುದು. ಅಪ್ಪನ ವಾರ ಬಂದರೆ ಸಿಲಿಂಡರ್ ಏರಿಸುವುದು, ಅಗಲದ ಟೈರು ಇಂಧನ ಕುಡಿಯುತ್ತದೆಂದು ಹಳೆಯದನ್ನು ಹಾಕುವುದು. ಬೇರೆ ಮನೆಗಳಲ್ಲಿ ಸೋಮವಾರ ಬೆಳಿಗ್ಗೆ ಪೂಜೆಯ ಗಂಟೆ ಕೇಳಿಸಿದರೆ ನಮ್ಮ ಮನೆಯಲ್ಲಿ ಸ್ಪ್ಯಾನರ್ ಬಿದ್ದ ಸದ್ದು. ಅವ್ವ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಮಾಡಿಟ್ಟು ಕಾಯುತ್ತಿದ್ದಳು. ಅಪ್ಪ ಕೈಗೆ ಗ್ರೀಸು ಮೆತ್ತಿಕೊಂಡು ರೊಟ್ಟಿ ತಣ್ಣಗಾದ ಮೇಲೆ ಬಂದು, ತಣ್ಣಗಾಗಿದೆ ಎಂದು ಅವ್ವನ ಮೇಲೆ ರೇಗುತ್ತಿದ್ದ.

ಇಷ್ಟೆಲ್ಲ ಮಾಡಿಯೂ ಮೇಲುಕೋಟೆ ಬೆಟ್ಟ ಹತ್ತುವಾಗ ಕಾರು ಅರ್ಧಕ್ಕೇ ಉಸಿರು ಕಟ್ಟಿ ನಿಲ್ಲುತ್ತಿತ್ತು. ಹೆಂಗಸರು, ಮಕ್ಕಳು ಇಳಿದು ನಡೆಯಬೇಕು. ಕಾರು ಖಾಲಿಯಾಗಿ ನಮ್ಮ ಪಕ್ಕದಲ್ಲೇ ನಿಧಾನವಾಗಿ ಹತ್ತುತ್ತಿತ್ತು. "ಎಲ್ಲಾ ಇದರ ಸೇವೆಗೇ ಬಂದಂಗಾಯ್ತು," ಎಂದು ಅವ್ವ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದಳು.

ಆದರೆ ಅವಳನ್ನು ನಿಜವಾಗಿ ಕೆಣಕಿದ್ದು ಮಾಕವಳ್ಳಿಯ ಹತ್ತಿರ ನಡೆದ ಸಂಗತಿ. ಕಬ್ಬು ಅರೆಯುವ ಕಾಲ. ಸಕ್ಕರೆ ಕಾರ್ಖಾನೆಗೆ ಹೋಗುವ ಗಾಡಿ, ಟ್ರಾಕ್ಟರುಗಳು ರಸ್ತೆ ಬದಿಯಲ್ಲಿ ಸಾಲುಗಟ್ಟಿ ನಿಂತಿದ್ದವು. ನಮ್ಮ ಮುಂದೆ ಹೋಗುತ್ತಿದ್ದ ಒಂದು ಟ್ರಾಕ್ಟರು ಇದ್ದಕ್ಕಿದ್ದಂತೆ ನಿಂತಿತು. ಕಾರು ಓಡಿಸುತ್ತಿದ್ದವರು ಬ್ರೇಕು ಒತ್ತಿದರು. ಕಾರು ಯಾವುದಕ್ಕೂ ತಾಗಲಿಲ್ಲ, ದೊಡ್ಡಪ್ಪನ ಗಾರ್ಡಿಗೆ ಒಂದು ಕಬ್ಬಿನ ಗರಿಯೂ ತಗುಲಲಿಲ್ಲ. ಹಿಂದಿನ ಸೀಟಿನ ನಡುವೆ ಕೂತಿದ್ದ ನಾನು ಮಾತ್ರ ಹಾರಿ ಹೋಗಿ ಗೇರಿನ ಮೇಲೆ ಬಿದ್ದೆ. ಗದ್ದ ಸೀಳಿತು. ಆ ಗುರುತು ಇವತ್ತಿಗೂ ಇದೆ; ಅದೊಂದಕ್ಕೆ ಮಾತ್ರ ಸಾಕ್ಷಿ ಬೇಕಿಲ್ಲ. ಆದರೆ ಓಡಿಸುತ್ತಿದ್ದವರು ಯಾರು? ನನ್ನ ನೆನಪಿನಲ್ಲಿ ಚಿಕ್ಕಪ್ಪ. ಚಿಕ್ಕಪ್ಪನ ಪ್ರಕಾರ ಅವನ ಸರದಿ ಮುಗಿದು ಎರಡು ದಿನವಾಗಿತ್ತು, ಓಡಿಸುತ್ತಿದ್ದವನು ದೊಡ್ಡಪ್ಪ. ದೊಡ್ಡಪ್ಪನ ಪ್ರಕಾರ ಅವನು ಆ ದಿನ ಊರಲ್ಲೇ ಇರಲಿಲ್ಲ. ಅಪ್ಪ ಬಾಯಿಯೇ ಬಿಡುವುದಿಲ್ಲ, ಅದು ನನ್ನ ಅನುಮಾನವನ್ನು ಹೆಚ್ಚಿಸುತ್ತದೆ. ಅವ್ವನನ್ನು ಕೇಳಿದಾಗಲೆಲ್ಲ ಸಿಗುವ ಉತ್ತರ ಇಷ್ಟೇ:

"ಯಾರ ಸರದಿ ಆದ್ರೇನು? ಗದ್ದ ನಿಂದೇ ತಾನೆ?"

ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದ ಸಂಜೆಯೇ ಅವ್ವ ಜಗುಲಿಗೆ ಬಂದು ನಿಂತಳು. ಹಿಂದಿನ ಸೀಟಿಗೆ ಬೆಲ್ಟು ಹಾಕಿಸಬೇಕು, ಅದಿಲ್ಲದೆ ನನ್ನ ಮಕ್ಕಳನ್ನು ಆ ಕಾರಿಗೆ ಹತ್ತಿಸುವುದಿಲ್ಲ ಎಂದು ಅಪ್ಪನಿಗೆ ಹೇಳಿದಳು. ಅವಳು ಅದುವರೆಗೆ ಕಾರಿನ ಬಗ್ಗೆ ಏನನ್ನೂ ಕೇಳಿದವಳಲ್ಲ. ಮೂವರೂ ಅವಳನ್ನು ಕಾರೇ ಮಾತಾಡಿತೇನೋ ಎಂಬಂತೆ ನೋಡಿದರು.

"ಬೆಲ್ಟು ಆಕ್ಸುದ್ರೆ ಹಿಂದೆ ಮೂರೇ ಜನ. ಈಗ ಆರು ಐಕ್ಳು ಕೂತ್ಕೋತವೆ. ಇನ್ನು ಮೂರನ್ನ ಎಲ್ಲಿ ಮಡಗೋದು?" ಅಂದ ಅಪ್ಪ.

"ಮುಂದ್ಗಡೆ ಗಾರ್ಡ್ ಐತಲ್ಲಾ, ಇನ್ನೇನ್ಲಾ ಬೇಕು ಇವ್ರಿಗೆ?" ಅಂದ ದೊಡ್ಡಪ್ಪ, ಅಪ್ಪನ ಕಡೆ ತಿರುಗಿ.

"ಅತ್ಗೆ, ಮುಂದಿನ ಸೀಟು ಓಡ್ಸೋನ್ದು. ಡಿಕ್ಕಿ ಸರದಿಯೋನ್ದು. ಹಿಂದಿನ ಸೀಟು ಎಲ್ರುದ್ದು. ಅದುಕ್ಕೆ ಆಕ್ಸೋದಾದ್ರೆ ಮೂವರೂ ಒಪ್ಬೇಕು," ಅಂದ ಚಿಕ್ಕಪ್ಪ.

"ಎಲ್ರುದ್ದು ಅಂದ್ರೆ ಯಾರ್ದೂ ಅಲ್ಲ ಅಂತ. ಜಗಲಿ ನೋಡಿ ಗೊತ್ತಿಲ್ವಾ ನಂಗೆ?" ಅಂದಳು ಅವ್ವ.

ಮೂವರೂ ಒಪ್ಪಲಿಲ್ಲ. ಒಬ್ಬ ಒಪ್ಪಿದರೆ ಇನ್ನೊಬ್ಬ ಒಪ್ಪುತ್ತಿರಲಿಲ್ಲ ಅನ್ನುವುದೂ ನಿಜವಲ್ಲ; ಇದೊಂದರಲ್ಲಿ ಮಾತ್ರ ಮೂವರೂ ಒಗ್ಗಟ್ಟಾಗಿದ್ದರು. ಅವ್ವ ನಮ್ಮನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗತೊಡಗಿದಳು. ಒಂದೇ ಮದುವೆಗೆ ಅಪ್ಪ ಕಾರಿನಲ್ಲಿ, ನಾನೂ ತಮ್ಮನೂ ಅವ್ವನೂ ಬಸ್ಸಿನಲ್ಲಿ. ಬಸ್ಸು ಕಾರನ್ನು ಹಿಂದೆ ಹಾಕಿದರೆ ನಾವು ಕಿಟಕಿಯಿಂದ ಕೈ ಬೀಸುತ್ತಿದ್ದೆವು. ಅಪ್ಪ ಕಾಣದವನಂತೆ ನೇರಕ್ಕೆ ನೋಡುತ್ತಿದ್ದ. ಬಸ್ಸಿಲ್ಲದ ದಾರಿಗೆ ಹೋಗಲೇಬೇಕಾಗಿ ಬಂದಾಗ ಅವ್ವ ಹಳೇ ಸೀರೆಯೊಂದನ್ನು ತಂದು, ನಮ್ಮಿಬ್ಬರನ್ನೂ ಹೊಟ್ಟೆಗೆ ಸುತ್ತಿ ಸೀಟಿನ ಬೆನ್ನಿಗೆ ಕಟ್ಟಿದಳು. ಗೋವಿಂದನಹಳ್ಳಿಯ ಗುಡಿಯ ಮುಂದೆ ಕಾರು ನಿಂತಾಗ ಗಂಟು ಬಿಚ್ಚಲಾಗದೆ ನಾವು ಒಳಗೇ ಉಳಿದೆವು. ಊರಿನ ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡಿದವು. ಯಾರೋ ಮುದುಕರೊಬ್ಬರು, ಈ ಮಕ್ಕಳಿಗೆ ಏನಾಗಿದೆ, ದೇವರಿಗೆ ಹರಕೆಯೇ ಎಂದು ಮರುಕದಿಂದ ಕೇಳಿದರು.

"ಕರು ಕಟ್ದಂಗೆ ಕಟ್ಟಿದ್ದೀಯಲ್ಲೇ! ನನ್ ಮಾನ ಏನಾಗ್ಬೇಕು?" ಎಂದು ಅಪ್ಪ ಹಲ್ಲು ಕಚ್ಚಿದ.

"ಕರೂನಾದ್ರೂ ಕಟ್ತೀರಿ ನೀವು," ಅಂದಳು ಅವ್ವ.

ಅಪ್ಪ ಸೋತದ್ದು ಆ ಮಾತಿಗೋ, ಆ ಮುದುಕರ ಮರುಕಕ್ಕೋ ನನಗೆ ಗೊತ್ತಿಲ್ಲ. ನಮ್ಮ ಮುಂದಿನ ಸರದಿಯಲ್ಲಿ ಗ್ಯಾಸಿನ ಪೈಪು ಸರಿಮಾಡಿಸಲು ಅವನು ಶ್ರೀರಂಗಪಟ್ಟಣಕ್ಕೆ ಹೊರಟಾಗ ಅವ್ವ ಮುಂದಿನ ಸೀಟಿನಲ್ಲಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂತಿದ್ದಳು. ಇಳಿ ಎಂದು ಅಪ್ಪ ಹೇಳಲಿಲ್ಲ. ಹೆದ್ದಾರಿ ಪಕ್ಕದಲ್ಲಿ ಬಾಷಾ ಸಾಬರ ಶೆಡ್ಡು. ಬಾಷಾ ಸಾಬರು ಗಡ್ಡ ನರೆತ, ಕಡಿಮೆ ಮಾತಿನ ಮೆಕ್ಯಾನಿಕ್ಕು. ಗುಜರಿಗೆ ಬಂದಿದ್ದ ಯಾವುದೋ ಕಾರಿನಿಂದ ಕಿತ್ತ ಮೂರು ಸೊಂಟದ ಪಟ್ಟಿಗಳು ಅವರ ಹತ್ತಿರ ಇದ್ದವು. ಅವನ್ನು ಹಾಕಲೆಂದು ಹಿಂದಿನ ಸೀಟು ತೆಗೆದು, ಕಾಲಡಿಯ ಮ್ಯಾಟು ಎತ್ತಿ, ಸ್ಕ್ರೂಡ್ರೈವರ್ ತುದಿಯಿಂದ ನೆಲವನ್ನು ಮೆಲ್ಲಗೆ ಒತ್ತಿದರು. ಅದು ಹಪ್ಪಳದ ಹಾಗೆ ಮುರಿದು ಸ್ಕ್ರೂಡ್ರೈವರ್ ಹಿಡಿಯವರೆಗೂ ಇಳಿಯಿತು. ಆ ತೂತಿನಿಂದ ಶೆಡ್ಡಿನ ನೆಲ, ಅದರ ಮೇಲೆ ಚೆಲ್ಲಿದ್ದ ಆಯಿಲು ಕಾಣಿಸಿತು. ಡಿಕ್ಕಿಯಲ್ಲಿ ಹಾಲಿನ ಕ್ಯಾನು ತುಳುಕಿ ತುಳುಕಿ, ಹಾಲು ಮ್ಯಾಟಿನ ಅಡಿಗೆ ಹರಿದು ಹುಳಿತು ತಗಡನ್ನು ತಿಂದುಹಾಕಿತ್ತು.

"ಅರೇ, ಇಧರ್ ದೇಖೋ ಅಣ್ಣಾ, ಇಲ್ನೋಡಿ. ಬೆಲ್ಟ್ ನಾನು ಹಾಕ್ತೀನಿ, ಬೋಲ್ಟ್ ಹಿಡಿಯೋಕೆ ನೆಲ ಎಲ್ಲಿದೆ? ಮೂತಿಗೆ ಅಷ್ಟು ಲೋಹಾ ಕಟ್ಟಿದ್ದೀರಿ, ಬಚ್ಚಾಗಳ ಕಾಲ್ಕೆಳಗೆ ಖಾಲಿ!" ಅಂದರು ಬಾಷಾ ಸಾಬರು.

ಅಪ್ಪ ಬಗ್ಗಿ ನೋಡಿದ. ಅವನ ಸಿಲಿಂಡರ್ ಇಡುತ್ತಿದ್ದ ಜಾಗ ಅಲ್ಲಿಂದ ಒಂದು ಮೊಳ ದೂರ. ಅವನು ಅವ್ವನಿಗೆ ಏನಾದರೂ ಹೇಳಿದ್ದರೆ ಈ ಕತೆಯಲ್ಲಿ ಒಂದು ಒಳ್ಳೆಯ ಮಾತು ಸೇರುತ್ತಿತ್ತು. ಹೇಳಲಿಲ್ಲ. "ಎಷ್ಟೊತ್ತಾಯ್ತದೆ ಸಾಬ್ರೆ?" ಎಂದು ಮಾತ್ರ ಕೇಳಿದ. ಸಂಜೆಯವರೆಗೆ ಆಯಿತು. ತುಕ್ಕು ಕತ್ತರಿಸಿ, ದಪ್ಪ ತಗಡು ಕೂರಿಸಿ ಬೆಸೆದು, ಆರು ಬೋಲ್ಟು ಹಾಕಿ ಪಟ್ಟಿ ಬಿಗಿದರು. ನಾವು ಶೆಡ್ಡಿನ ಹೊರಗೆ ಹಲಗೆಯ ಮೇಲೆ ಕೂತು ಅವ್ವ ಕಟ್ಟಿ ತಂದಿದ್ದ ಚಿತ್ರಾನ್ನ ತಿಂದೆವು. ಅವ್ವ ತಿನ್ನುವುದು ಬಿಟ್ಟು ಎದ್ದೆದ್ದು ಹೋಗಿ ಸಾಬರ ಕೈಯನ್ನೇ ನೋಡುತ್ತಿದ್ದಳು. ಅಪ್ಪ ದುಡ್ಡಿಗೆ ಜೇಬಿಗೆ ಕೈ ಹಾಕುವ ಮೊದಲೇ ಅವಳು ಡೈರಿಗೆ ಹಾಲು ಹಾಕಿ ಕೂಡಿಟ್ಟಿದ್ದ ತನ್ನ ದುಡ್ಡನ್ನು ಮುಂದೆ ಚಾಚಿದ್ದಳು. ಅಪ್ಪನಿಗೆ ಅದಕ್ಕೂ ಕೋಪ ಬಂತು.

ಆ ವಾರ ಪೂರ್ತಿ ನಾನೂ ತಮ್ಮನೂ ಪಟ್ಟಿ ಬಿಗಿದುಕೊಂಡು ಗಂಭೀರವಾಗಿ ಕೂತು ಓಡಾಡಿದೆವು. ಸೋಮವಾರ ಬೆಳಿಗ್ಗೆ ಚಿಕ್ಕಪ್ಪನ ಸರದಿ. ಅಪ್ಪ ಗಾರ್ಡಿನ ಬೋಲ್ಟು ಬಿಚ್ಚುತ್ತಿದ್ದ. ಚಿಕ್ಕಪ್ಪ ಒಳಗೆ ಇಣುಕಿ ನೋಡಿ ನಕ್ಕ.

"ಅತ್ಗೆ, ಕಾನೂನು ಕಾನೂನೇ. ನಿಮ್ ಪಟ್ಟೀನೂ ಬಿಚ್ಕೊಬುಡಿ."

ತಮಾಷೆಗೇ ಅಂದದ್ದು. ಅವ್ವ ಅಪ್ಪನ ಕೈಯಿಂದ ಸ್ಪ್ಯಾನರ್ ಕಸಿದುಕೊಂಡು, ಸೆರಗು ಸಿಕ್ಕಿಸಿ, ಕಾರಿನೊಳಗೆ ಮೊಣಕಾಲೂರಿ ಆರು ಬೋಲ್ಟನ್ನೂ ಬಿಚ್ಚಿದಳು. ಮೂರು ಪಟ್ಟಿಗಳನ್ನೂ ಸೋಪು ಹಾಕಿ ಒಗೆದು ಜಗುಲಿಯ ಮುಂದಿನ ತಂತಿಯ ಮೇಲೆ ಒಣಹಾಕಿದಳು. ಬೋಲ್ಟುಗಳನ್ನು ಸಾಸಿವೆ ಡಬ್ಬಿಯಲ್ಲಿಟ್ಟಳು. ಅವಳನ್ನು ಅಷ್ಟು ಸಿಟ್ಟಿನಲ್ಲಿ ನಾನು ಮತ್ತೆ ನೋಡಿಲ್ಲ. ಮಧ್ಯಾಹ್ನದ ಹೊತ್ತಿಗೆ ಚಿಕ್ಕವ್ವ, ಅಂದರೆ ಚಿಕ್ಕಪ್ಪನ ಹೆಂಡತಿ, ಮಜ್ಜಿಗೆ ಕೇಳುವ ನೆಪದಲ್ಲಿ ಬಂದಳು.

"ಅಕ್ಕಾ, ಆ ಪಟ್ಟಿ ಒಸಿ ಕೊಡ್ತೀರಾ? ನಾಳೀಕೆ ನಮ್ ಐಕ್ಳು ಪಾಂಡವಪುರಕ್ಕೆ ಓಯ್ತವೆ. ಇವ್ರು ಓಡ್ಸೋದು ನಿಮಗ್ಗೊತ್ತಲ್ಲ."

"ನಿನ್ ಗಂಡ ಕೇಳುದ್ರೆ?"

"ಐಕ್ಳನ್ನ ಹೆತ್ತೋಳು ನಾನು ಕಣಕ್ಕಾ. ಕೇಳ್ಲಿ."

ಇಬ್ಬರೂ ಸೇರಿ ಪಟ್ಟಿ ಕಟ್ಟಿದರು. ಚಿಕ್ಕಪ್ಪ ವಾರವಿಡೀ ಅದನ್ನು ಕಂಡೂ ಕಾಣದವನಂತೆ ಇದ್ದ. ಮುಂದಿನ ಸೋಮವಾರ ಅವ್ವ ಮತ್ತೆ ಆರು ಬೋಲ್ಟು ಬಿಚ್ಚಿದಳು, ಕಾನೂನು ಕಾನೂನೇ. ಈಗ ದೊಡ್ಡಪ್ಪನ ಸರದಿ. ದೊಡ್ಡಪ್ಪನ ಮಗಳನ್ನು ನಾಗಮಂಗಲಕ್ಕೆ ಕೊಟ್ಟಿತ್ತು. ಅವಳನ್ನೂ ನಾಲ್ಕು ವರ್ಷದ ಮೊಮ್ಮಗಳನ್ನೂ ಆ ದಿನ ಕರೆತರಬೇಕಿತ್ತು. ಗಾರ್ಡು ಕಟ್ಟಿಯಾಗಿತ್ತು. ದೊಡ್ಡಪ್ಪ ಹೊರಡದೆ, ಕಾರಿನ ಸುತ್ತ ಎರಡು ಸಲ ತಿರುಗಿ, ನಮ್ಮ ಬಾಗಿಲ ಮುಂದೆ ಬಂದು ಕೆಮ್ಮಿದ. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಗಂಡನ ಅಣ್ಣನೂ ತಮ್ಮನ ಹೆಂಡತಿಯೂ ಎದುರೆದುರು ಮಾತಾಡುವಂತಿರಲಿಲ್ಲ. ಮಧ್ಯೆ ಒಬ್ಬರು ಬೇಕು. ಆ ಒಬ್ಬರು ಯಾವಾಗಲೂ ನಾನೇ. ಅವ್ವ ಒಲೆ ಮುಂದೆ, ಬಾಗಿಲಿಂದ ಮೂರು ಹೆಜ್ಜೆ ದೂರದಲ್ಲಿ, ರೊಟ್ಟಿ ತಟ್ಟುತ್ತಿದ್ದಳು.

"ಮಗಾ, ನಿಮ್ಮವ್ವ ಅವ್ರಾ ಒಳ್ಗೆ?" ಎಂದು ದೊಡ್ಡಪ್ಪ ನನ್ನನ್ನು ಕೇಳಿದ.

"ಇವ್ನಿ ಅಂತೇಳು," ಅಂದಳು ಅವ್ವ.

"ನಾಗಮಂಗಲಕ್ಕೆ ಓಗ್ಬೇಕು. ಕೂಸು ಬತ್ತದೆ. ಆ ಪಟ್ಟಿ ಬೇಕಾಗಿತ್ತು ಅಂತೇಳು."

"ತಂತಿ ಮ್ಯಾಲೈತೆ. ತಗೋಳ್ಳಿ ಅಂತೇಳು."

"ಅದ್ನ ಕಟ್ಟೋದು ಎಂಗೆ ಅಂತ ಕೇಳು."

ಅವ್ವ ಸಾಸಿವೆ ಡಬ್ಬಿಯನ್ನೂ ಸ್ಪ್ಯಾನರನ್ನೂ ನನ್ನ ಕೈಗೆ ಕೊಟ್ಟಳು. ನಾನು ದೊಡ್ಡಪ್ಪನ ಕೈಗೆ ದಾಟಿಸಿದೆ. ಊರ ಪಂಚಾಯಿತಿಯಲ್ಲಿ ಎದುರು ಮಾತಾಡಿಸಿಕೊಳ್ಳದ ಮನುಷ್ಯ, ಒಗೆದ ಬಿಳಿ ಪಂಚೆ ಎತ್ತಿ ಕಟ್ಟಿ, ಹಿಂದಿನ ಬಾಗಿಲಿಂದ ಅರ್ಧ ಮೈ ತೂರಿಸಿ ಕಾರಿನ ನೆಲದ ಮೇಲೆ ಬೋರಲು ಬಿದ್ದ. ಹೊಸ ತಗಡನ್ನು ಅವನು ಆಗಲೇ ಮೊದಲು ನೋಡಿದ್ದಿರಬೇಕು. ಸ್ಪ್ಯಾನರಿನ ಸದ್ದು ಸ್ವಲ್ಪ ಹೊತ್ತು ನಿಂತಿತ್ತು. ಮತ್ತೆ ಶುರುವಾಯಿತು. ಜಾರಿತು. ಬೋಲ್ಟು ಬಿತ್ತು. ದೊಡ್ಡಪ್ಪ ಬೋಲ್ಟನ್ನೂ ಅದನ್ನು ಮಾಡಿದವನನ್ನೂ ಬೈದ. ಹತ್ತು ನಿಮಿಷವಾಯಿತು, ಒಂದು ಪಟ್ಟಿಯೂ ನಿಲ್ಲಲಿಲ್ಲ. ಅವ್ವ ಒಳಗಿಂದ ಎರಡು ಸಲ ಇಣುಕಿ ನೋಡಿ ನಿಟ್ಟುಸಿರುಬಿಟ್ಟಳು. ಮೂರನೇ ಸಲ ಹಂಚಿನ ಮೇಲಿನ ರೊಟ್ಟಿಯನ್ನು ಹಾಗೇ ಬಿಟ್ಟು ಜಗುಲಿಯ ಅಂಚಿಗೆ ಬಂದು ನಿಂತಳು. ನಾನು ಮಧ್ಯದಲ್ಲಿ ನಿಂತು ಸಿದ್ಧಳಾಗಿದ್ದೆ. ಅವಳು ನನ್ನ ಕಡೆ ನೋಡಲಿಲ್ಲ.

"ಬಲಕ್ಕೆ, ಬಾವಾ. ಬಲಕ್ಕೆ."

ಸ್ಪ್ಯಾನರ್ ನಿಂತಿತು. ಆಮೇಲೆ ಬಲಕ್ಕೆ ತಿರುಗಿತು. ಬೋಲ್ಟು ಹಿಡಿಯಿತು. ದೊಡ್ಡಪ್ಪ ಎಲ್ಲ ಆರು ಬೋಲ್ಟು ಮುಗಿಯುವವರೆಗೆ ತಲೆ ಎತ್ತಲಿಲ್ಲ. ಎದ್ದು, ಪಂಚೆ ಕೊಡವಿ, ನಾಗಮಂಗಲಕ್ಕೆ ಹೋದ. ಮುಂದಿನ ಸೋಮವಾರ ಅವ್ವ ಬಿಚ್ಚಲು ಹೋದಾಗ ಬೋಲ್ಟುಗಳು ಅಲುಗಲಿಲ್ಲ, ಅಷ್ಟು ಬಿಗಿದಿದ್ದ. ಆ ಮೇಲೆ ಅವು ಅಲ್ಲೇ ಉಳಿದವು.

ಹೀಗೆಂದು ನಾನು ಬರೆಯುತ್ತಿದ್ದೇನೆ. ಇಲ್ಲ, ಬಲಕ್ಕೆ ಎಂದು ಹೇಳಿದವಳು ಚಿಕ್ಕವ್ವ ಎಂದು ಅಪ್ಪ ಸಾಧಿಸುತ್ತಾನೆ. ತನ್ನ ಹೆಂಡತಿ ಅಣ್ಣನಿಗೆ ಎದುರಾಗಿ ಮಾತಾಡಿದಳೆಂದು ಒಪ್ಪಲು ಅವನಿಗೆ ಈಗಲೂ ಮುಜುಗರ. ನಾಗಮಂಗಲದಿಂದ ಬಂದ ಅಕ್ಕ, ಆ ಕಾರಿನಲ್ಲಿ ಪಟ್ಟಿ ಮೊದಲಿನಿಂದಲೂ ಇತ್ತು ಅನ್ನುತ್ತಾಳೆ. ನನಗೇ ಅನುಮಾನ ಶುರುವಾಗಿ, ಹೋದ ವಾರ ಊರಿಗೆ ಹೋದಾಗ ಅವರೇಕಾಯಿ ಸುಲಿಯುತ್ತಿದ್ದ ಅವ್ವನ ಮುಂದೆ ಕೂತು ಕೇಳಿಯೇಬಿಟ್ಟೆ.

"ಅವ್ವಾ, ಅವತ್ತು ನೀನು ದೊಡ್ಡಪ್ಪನ ಹತ್ರ ನೇರವಾಗಿ ಮಾತಾಡಿದ್ದು ನಿಜವಾ?"

ಅವ್ವ ತಲೆ ಎತ್ತಲಿಲ್ಲ.

"ಮತ್ತಿನ್ನೇನ್ ಮಾಡ್ಲಿ? ಉಲ್ಟಾ ತಿರುಗಿಸ್ಕೊಂಡು ಬಿದ್ದಿದ್ರು."